ಬೆಕ್ಕಿಗೆ ಬುದ್ಧಿ ಕಲಿಸಿದವರ ಚರಿತ್ರೆ

ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದ ಹೆಸರು ಕಂಟಕಶೋಧನ. ಅಲ್ಲಿ ಒಂದು ಕಡೆ ನಾಡಿನ ಮೇಲೆ ಎರಗುವ ಎಂಟು ಮಹಾಭಯಗಳ ಪಟ್ಟಿ ಬರುತ್ತದೆ: ಬೆಂಕಿ, ನೆರೆ, ರೋಗ, ಬರ, ಇಲಿ, ಕಾಡುಮೃಗ, ಹಾವು, ರಾಕ್ಷಸರು. ಇಲಿಯ ಕಾಟಕ್ಕೆ ಬೆಕ್ಕು, ಮುಂಗುಸಿಗಳನ್ನು ಬಿಡಬೇಕೆಂದು ಹೇಳಿ, ಅದರ ಬೆನ್ನಿಗೇ ಗ್ರಂಥಕಾರ ಒಂದು ದಂಡವನ್ನೂ ಗೊತ್ತುಮಾಡುತ್ತಾನೆ. ಹಾಗೆ ಬಿಟ್ಟ ಪ್ರಾಣಿಗಳನ್ನು ಹಿಡಿದವನು, ಹಿಂಸಿಸಿದವನು 12 ಪಣ ತೆರಬೇಕು. ತನ್ನ ನಾಯಿಯನ್ನು ಅಂಕೆಯಲ್ಲಿ ಇಟ್ಟುಕೊಳ್ಳದವನೂ ಅಷ್ಟೇ ತೆರಬೇಕು. ಕಾಡಿನವರಿಗೆ ಮಾತ್ರ ವಿನಾಯಿತಿ. ಈ ಗ್ರಂಥದ ಹಸ್ತಪ್ರತಿ 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತು. ಅಂದಿನಿಂದ ಅದರ ಗೂಢಚಾರರ ಬಗ್ಗೆ, ಸುಂಕದ ಬಗ್ಗೆ, ಮಂಡಲ ಸಿದ್ಧಾಂತದ ಬಗ್ಗೆ ಕಪಾಟು ತುಂಬುವಷ್ಟು ಬರವಣಿಗೆ ಆಗಿದೆ. ಬೆಕ್ಕಿನ ಮಾತಿಗೆ ಅಷ್ಟು ಮರ್ಯಾದೆ ಸಿಕ್ಕಿಲ್ಲ. ಆದರೆ ಒಂದೇ ಉಸಿರಿನಲ್ಲಿ ಎರಡು ಪ್ರಾಣಿಗಳಿಗೆ ಎರಡು ನ್ಯಾಯ ಹೇಳುವ ಆ ವಿಧಿಯನ್ನು ನಿಧಾನವಾಗಿ ಓದಬೇಕು. ನಾಯಿಯ ವಿಷಯದಲ್ಲಿ ಹತೋಟಿ ತಪ್ಪಿಸಿದ್ದು ಅಪರಾಧ. ಬೆಕ್ಕಿನ ವಿಷಯದಲ್ಲಿ ಹತೋಟಿಗೆ ತರಲು ಹೋದದ್ದೇ ಅಪರಾಧ.

ಸಾಕಿದ ಬೆಕ್ಕಿಗೆ ಶಿಸ್ತು ಕಲಿಸುವುದು ಹೇಗೆ, ಒಂದೇಟು ಹೊಡೆದ ಮೇಲೆ ಮಂಚದಡಿ ಸೇರಿದ ಅದನ್ನು ಮತ್ತೆ ಒಲಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗಳು ಇವತ್ತು ಪಶುವೈದ್ಯರ ಬಾಗಿಲಲ್ಲಿ ಮಾಮೂಲಾಗಿವೆ. ಪ್ರಶ್ನೆ ಎಷ್ಟು ಸಹಜವಾಗಿ ಕೇಳಿಸುತ್ತದೆಂದರೆ, ಬೆಕ್ಕು ಸಾಕಿದ ಎಲ್ಲ ಕಾಲದವರೂ ಇದನ್ನೇ ಕೇಳಿಕೊಂಡಿರಬೇಕು ಅನ್ನಿಸುತ್ತದೆ. ದಾಖಲೆಗಳು ಹಾಗೆ ಹೇಳುವುದಿಲ್ಲ. ಬೆಕ್ಕನ್ನು ತಿದ್ದಬೇಕು ಎಂಬ ಕಲ್ಪನೆ ಹೆಚ್ಚೆಂದರೆ ನೂರೈವತ್ತು ವರ್ಷ ಹಳೆಯದು. ಅದಕ್ಕೆ ಹಿಂದಿನ ಸಾವಿರಾರು ವರ್ಷ ಮನುಷ್ಯ ತಿದ್ದಿಕೊಂಡದ್ದು ತನ್ನ ಮನೆಯನ್ನು. ಇದಕ್ಕೆ ಕಾರಣ ಆ ಒಡನಾಟ ಶುರುವಾದ ರೀತಿಯಲ್ಲೇ ಇದೆ. ಸೈಪ್ರಸ್ ದ್ವೀಪದ ಶಿಲೂರೊಕಾಂಬೋಸ್ ಎಂಬಲ್ಲಿ ಸುಮಾರು 9500 ವರ್ಷ ಹಿಂದಿನ ಒಂದು ಸಮಾಧಿ ಸಿಕ್ಕಿದೆ. ಮನುಷ್ಯನ ಅಸ್ಥಿಯಿಂದ 40 ಸೆಂಟಿಮೀಟರ್ ದೂರದಲ್ಲಿ, ಅದಕ್ಕಾಗಿಯೇ ತೋಡಿದ ಪುಟ್ಟ ಕುಳಿಯಲ್ಲಿ, ಸುಮಾರು ಎಂಟು ತಿಂಗಳ ಬೆಕ್ಕೊಂದನ್ನು ಮಲಗಿಸಿದ್ದರು. ದ್ವೀಪದಲ್ಲಿ ಕಾಡುಬೆಕ್ಕು ಹುಟ್ಟಿನಿಂದ ಇರಲಿಲ್ಲ, ಅಂದರೆ ದೋಣಿಯಲ್ಲಿ ಕೂರಿಸಿಕೊಂಡು ತಂದದ್ದು. ಇದು ಬೇಸಾಯ ಬೇರೂರುತ್ತಿದ್ದ ಕಾಲ. ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು, ಬಂದದ್ದನ್ನು ಮನುಷ್ಯ ಓಡಿಸಲಿಲ್ಲ. ನಾಯಿ ಬೇಟೆಯ ಗುಂಪಿನಲ್ಲಿ ಮನುಷ್ಯನ ಕಣ್ಸನ್ನೆ ಓದುತ್ತಾ ಪಳಗಿದ ಪ್ರಾಣಿ. ಬೆಕ್ಕು ಒಂಟಿ ಬೇಟೆಗಾರ. ಅದರ ಕಸುಬಿಗೆ ಮೇಸ್ತ್ರಿಯ ಅಗತ್ಯವೇ ಇಲ್ಲ. ಇಲಿ ಹಿಡಿಯುವುದನ್ನು ಅದಕ್ಕೆ ಯಾವ ಯಜಮಾನನೂ ಕಲಿಸಿಲ್ಲ, ಹೀಗಾಗಿ ಆಜ್ಞೆ ಕೊಟ್ಟು ಮಾಡಿಸುವ ಸಂಬಂಧ ಬೆಳೆಯಲು ಅಲ್ಲಿ ಅವಕಾಶವೇ ಬರಲಿಲ್ಲ.

ಹಾಗಾದರೆ ಹಾಲಿನ ಪಾತ್ರೆಗೆ ಬಾಯಿ ಹಾಕಿದಾಗ ಏನು ಮಾಡುತ್ತಿದ್ದರು? ಉತ್ತರ ನಮ್ಮ ಹಳೆಯ ಅಡುಗೆಮನೆಗಳ ತೊಲೆಯಲ್ಲಿ ತೂಗುತ್ತಿತ್ತು. ಹಗ್ಗದ ನೆಲುವಿನಲ್ಲಿ ಹಾಲು, ಮೊಸರು, ಬೆಣ್ಣೆಯ ಗಡಿಗೆಗಳನ್ನು ಒಂದರ ಮೇಲೊಂದು ಕೂರಿಸಿ, ಗೋಡೆಯಿಂದಲೂ ಕಂಬದಿಂದಲೂ ಒಂದು ನೆಗೆತಕ್ಕೆ ಸಿಗದಷ್ಟು ದೂರದಲ್ಲಿ ಕಟ್ಟುತ್ತಿದ್ದರು. ಬೆಕ್ಕು ಎಷ್ಟು ಹಾರಬಲ್ಲದು, ಯಾವುದರ ಮೇಲೆ ಕಾಲೂರಬಲ್ಲದು ಎಂಬ ಲೆಕ್ಕ ಹಾಕದೆ ನೆಲುವು ಕಟ್ಟಲಾಗುವುದಿಲ್ಲ. ಅದು ಪ್ರಾಣಿಯ ಸ್ವಭಾವವನ್ನು ಒಪ್ಪಿಕೊಂಡು ಮಾಡಿದ ಯಂತ್ರ. (ಅದನ್ನು ಸೋಲಿಸಿದವನೆಂದು ಪುರಾಣ ಹೇಳುವುದು ಗೋಕುಲದ ಒಬ್ಬ ಹುಡುಗನನ್ನು ಮಾತ್ರ, ಅವನು ಬೆಕ್ಕಿಗೆ ಸಾಧ್ಯವಿಲ್ಲದ ಉಪಾಯ ಮಾಡಿ ಒರಳು ಉರುಳಿಸಿಕೊಂಡು ಬಂದಿದ್ದ.) ಆಮೇಲೆ ಜಾಲರಿ ಬಾಗಿಲಿನ ಕಪಾಟು ಬಂತು, ಮುಚ್ಚಳದ ಮೇಲೆ ಕಲ್ಲು ಹೇರುವ ರೂಢಿಯಂತೂ ಇದ್ದೇ ಇತ್ತು. ಶ್ರಾದ್ಧದ ದಿನ ಅಡ್ಡಾಡುತ್ತಿದ್ದ ಬೆಕ್ಕನ್ನು ಬುಟ್ಟಿಯಡಿ ಮುಚ್ಚಿಟ್ಟ ಅಪ್ಪ, ಆಮೇಲೆ ಎಲ್ಲಿಂದಲೋ ಬೆಕ್ಕು ಹುಡುಕಿ ತಂದು ಬುಟ್ಟಿಯಡಿ ಮುಚ್ಚಿದ ಮಗ ಎಂಬ ಕಥೆಯನ್ನು ಕುರುಡು ಆಚರಣೆಯನ್ನು ಗೇಲಿ ಮಾಡಲು ಹೇಳುತ್ತೇವೆ. ಅದರಲ್ಲಿ ಇನ್ನೊಂದು ಸಂಗತಿಯೂ ಇದೆ: ಪಿಂಡದ ಅನ್ನಕ್ಕೆ ಬಾಯಿ ಹಾಕಬಾರದೆಂದು ಬೆಕ್ಕಿಗೆ ಕಲಿಸಲು ಆ ಅಪ್ಪ ಹೋಗಲಿಲ್ಲ. ಕೆಲಸ ಮುಗಿಯುವವರೆಗೆ ಬುಟ್ಟಿ, ಮುಗಿದ ಮೇಲೆ ಬಿಡುಗಡೆ. ಕಟ್ಟಿಹಾಕಿದರೂ ಅದಕ್ಕೆ ಮಿತಿ ಇರಬೇಕೆಂಬುದನ್ನು ಇಸ್ಲಾಮಿನ ಪರಂಪರೆ ಇನ್ನೂ ಕಟುವಾಗಿ ಹೇಳುತ್ತದೆ. ಬುಖಾರಿಯವರ ಹದೀಸ್ ಸಂಗ್ರಹದಲ್ಲಿ, ಬೆಕ್ಕೊಂದನ್ನು ಕಟ್ಟಿಹಾಕಿ, ತಾನೂ ಉಣಿಸದೆ, ನೆಲದ ಹುಳುಹುಪ್ಪಟೆ ಹಿಡಿದು ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿಗೆ ನರಕವಾಯಿತೆಂಬ ಮಾತಿದೆ.

ಯುರೋಪಿನ ಹಳೆಯ ಕಾಗದಪತ್ರಗಳಲ್ಲಿ ಬೆಕ್ಕು ಕಾಣಿಸಿಕೊಳ್ಳುವುದು ಸಂಬಳದ ಪಟ್ಟಿಯಲ್ಲಿ. ವೇಲ್ಸ್ ನಾಡಿನಲ್ಲಿ ಹತ್ತನೆಯ ಶತಮಾನದ ದೊರೆ ಹಾವೆಲ್ ದಾನ ಹೆಸರಿನಲ್ಲಿ ಉಳಿದುಬಂದ ಕಾನೂನು ಬೆಕ್ಕಿಗೆ ಬೆಲೆ ಕಟ್ಟುತ್ತದೆ: ಕಣ್ಣು ಬಿಡುವ ತನಕ 1 ಪೆನ್ನಿ, ಇಲಿ ಹಿಡಿಯುವ ತನಕ 2, ಹಿಡಿದ ಮೇಲೆ 4. ಮಾರಿದ ಬೆಕ್ಕಿಗೆ ಕಣ್ಣು ಕಾಣಬೇಕು, ಕಿವಿ ಕೇಳಬೇಕು, ಉಗುರು ಮುರಿದಿರಬಾರದು, ಇಲಿ ಕೊಲ್ಲಬೇಕು, ಹೆಣ್ಣಾದರೆ ಮರಿಗಳನ್ನು ತಿನ್ನದೆ ಸಾಕಬೇಕು. ಇದರಲ್ಲಿ ಕೊರತೆ ಕಂಡರೆ ಬೆಲೆಯ ಮೂರನೇ ಒಂದು ಭಾಗ ವಾಪಸ್ಸು. ಹೇಳಿದ್ದು ಕೇಳಬೇಕು ಎಂಬ ಷರತ್ತು ಅಲ್ಲಿಲ್ಲ. ಇಂಗ್ಲೆಂಡಿನ ಎಕ್ಸಿಟರ್ ಕೆಥೆಡ್ರಲ್‌ನ ಲೆಕ್ಕಪತ್ರಗಳಲ್ಲಿ 14 ಮತ್ತು 15ನೇ ಶತಮಾನಗಳ ಉದ್ದಕ್ಕೂ ಬೆಕ್ಕಿನ ಹೆಸರಿಗೆ ವಾರಕ್ಕೊಂದು ಪೆನ್ನಿಯ ಖರ್ಚು ಬರೆದಿದೆ. ಅಲ್ಲಿನ ಒಂದು ಬಾಗಿಲಿನ ತಳದಲ್ಲಿ ಅದು ಹೋಗಿಬರಲು ಕೊರೆದ ಕಂಡಿ ಇವತ್ತಿಗೂ ಇದೆ. ದೇವಾಲಯದ ಬಾಗಿಲನ್ನೇ ಕೊರೆದರು, ಬಾಗಿಲ ಬಳಿ ಕಾಯುವುದನ್ನು ಬೆಕ್ಕಿಗೆ ಕಲಿಸಲಿಲ್ಲ. 1868ರಲ್ಲಿ ಲಂಡನ್ನಿನ ಮನಿಯಾರ್ಡರ್ ಕಚೇರಿ ಕಾಗದ ಕಡಿಯುವ ಇಲಿಗಳ ಮೇಲೆ ಮೂರು ಬೆಕ್ಕುಗಳನ್ನು ನೇಮಿಸಿಕೊಂಡ ಕಡತ ಇನ್ನೂ ಸೊಗಸು. ಕಚೇರಿ ಕೇಳಿದ್ದು ವಾರಕ್ಕೆ 2 ಶಿಲಿಂಗ್. ಮೇಲಧಿಕಾರಿ ಮಂಜೂರು ಮಾಡಿದ್ದು 1. ಉಳಿದ ಊಟವನ್ನು ಅವು ಇಲಿಯಲ್ಲೇ ದುಡಿದುಕೊಳ್ಳಬೇಕು, ಆರು ತಿಂಗಳಲ್ಲಿ ಇಲಿ ಕಡಿಮೆಯಾಗದಿದ್ದರೆ ಭತ್ಯೆಯಲ್ಲಿ ಇನ್ನಷ್ಟು ಕಡಿತ ಎಂದು ಆತ ಗಂಭೀರವಾಗಿ ಷರಾ ಬರೆದ. ಸರ್ಕಾರಿ ಹಾಸ್ಯ ನಿಜ, ಆದರೆ ಬೆಕ್ಕಿನೊಡನೆ ಮನುಷ್ಯ ಮಾಡಿಕೊಂಡಿದ್ದ ಕರಾರು ಎಂಥದ್ದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ. ನಮ್ಮಲ್ಲೂ 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗ್ ದೇಶದ ಉದ್ದಗಲಕ್ಕೆ ಹಬ್ಬಿದ್ದ ವರ್ಷಗಳಲ್ಲಿ, ಬುಕಾನನ್ ಎಂಬ ಬ್ರಿಟಿಷ್ ವೈದ್ಯಾಧಿಕಾರಿ ಬೆಕ್ಕು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗ್ ಕಡಿಮೆ ಎಂದು ವಾದಿಸಿ, ಮನೆಮನೆಯಲ್ಲೂ ಬೆಕ್ಕು ಸಾಕಿಸಬೇಕೆಂದು ಪಟ್ಟು ಹಿಡಿದಿದ್ದ. ಅವನ ವಾದದಲ್ಲೂ ಬೆಕ್ಕು ಇಲಿ ಹಿಡಿಯುವ ಆಳೇ ಹೊರತು ಸಾಕುಮಗುವಲ್ಲ.

ಇದನ್ನೆಲ್ಲ ಕೇಳಿದವರು, ಹಿಂದಿನವರು ಬೆಕ್ಕಿಗೆ ಹೊಡೆಯುತ್ತಲೇ ಇರಲಿಲ್ಲವೇ ಎಂದು ಕೇಳಿಯಾರು. ಹೊಡೆಯುತ್ತಿದ್ದರು, ಅದೂ ಅಸಹ್ಯವಾಗುವಷ್ಟು. ಬೆಲ್ಜಿಯಂನ ಈಪ್ರ ಪಟ್ಟಣದಲ್ಲಿ ಗೋಪುರದ ಮೇಲಿಂದ ಜೀವಂತ ಬೆಕ್ಕುಗಳನ್ನು ಎಸೆಯುವ ಹಬ್ಬ 1817ರವರೆಗೂ ನಡೆಯಿತು. ಈಗ ಬಟ್ಟೆಯ ಬೆಕ್ಕು ಎಸೆಯುತ್ತಾರೆ. 1730ರ ದಶಕದಲ್ಲಿ ಪ್ಯಾರಿಸ್‌ನ ಸೇಂಟ್ ಸೆವೆರಿನ್ ಬೀದಿಯ ಮುದ್ರಣಾಲಯದಲ್ಲಿ ಕಲಿಕೆಯ ಹುಡುಗರು ಬೆಕ್ಕುಗಳನ್ನು ಹಿಡಿದು, ಅಣಕು ವಿಚಾರಣೆ ನಡೆಸಿ ಕೊಂದ ಪ್ರಸಂಗವನ್ನು ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ 1984ರಲ್ಲಿ ಬಿಡಿಸಿ ತೋರಿಸಿದ್ದಾನೆ. ತಮಗಿಂತ ಒಡತಿಯ ಬೆಕ್ಕಿಗೆ ಒಳ್ಳೆಯ ಊಟ ಸಿಗುತ್ತದೆಂಬ ಹುಡುಗರ ಹೊಟ್ಟೆಯುರಿ ಅಲ್ಲಿ ಯಜಮಾನನ ಮೇಲೆ ತೀರಿಸಿಕೊಂಡ ಸೇಡಾಗಿತ್ತು. ನಮ್ಮ ಮನೆಗಳಲ್ಲೂ ಸೌದೆ, ಪೊರಕೆ, ತಂಬಿಗೆ ಯಾವುದು ಕೈಗೆ ಸಿಕ್ಕಿತೋ ಅದು ಬೆಕ್ಕಿನ ಹಿಂದೆ ಹಾರಿದೆ. ಆದರೆ ಇದ್ಯಾವುದೂ ಶಿಸ್ತಲ್ಲ. ಇದು ಕೋಪ, ಸೇಡು, ಇಲ್ಲವೇ ಬರಿಯ ಅಟ್ಟುವಿಕೆ. ಪೊರಕೆ ಎಸೆದವಳು ನಾಳೆಯಿಂದ ಬೆಕ್ಕು ಸುಧಾರಿಸುತ್ತದೆಂದು ನಂಬಿ ನೆಲುವಿನ ಗಂಟು ಬಿಚ್ಚಿಡಲಿಲ್ಲ. ಹೊಡೆತದಿಂದ ಬೆಕ್ಕು ಪಾಠ ಕಲಿಯುತ್ತದೆ, ಕಲಿತು ಮನೆಯವರನ್ನು ಮೊದಲಿನಂತೆಯೇ ಪ್ರೀತಿಸುತ್ತದೆ ಎಂಬ ಜೋಡಿ ನಂಬಿಕೆ ಇಂದಿನವರದು.

ಹೊಡೆತದ ಬಗ್ಗೆ ಜನರಿಗಿದ್ದ ನಿಜವಾದ ಅಭಿಪ್ರಾಯ ಬೇಕಿದ್ದರೆ ವ್ರತಕಥೆಗಳನ್ನು ನೋಡಬೇಕು. ಬಂಗಾಳದಲ್ಲಿ ಮಕ್ಕಳನ್ನು ಕಾಯುವ ಷಷ್ಠೀದೇವಿಗೆ ಬೆಕ್ಕೇ ವಾಹನ. ಜ್ಯೇಷ್ಠ ಮಾಸದ ಷಷ್ಠಿಯಂದು ಹೆಂಗಸರು ಹೇಳಿಕೊಳ್ಳುವ ಕಥೆಯಲ್ಲಿ ಕಿರಿಯ ಸೊಸೆ ಅಡುಗೆಮನೆಯಲ್ಲಿ ಕದ್ದು ತಿಂದು ಕರಿಬೆಕ್ಕಿನ ಮೇಲೆ ಗೂಬೆ ಕೂರಿಸುತ್ತಾಳೆ. ಬೆಕ್ಕಿಗೆ ಏಟು ಬೀಳುತ್ತದೆ. ಅದು ದೇವಿಯ ಬಳಿ ದೂರು ಒಯ್ದು, ಸೊಸೆ ಹೆತ್ತ ಮಕ್ಕಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗುತ್ತದೆ. ಕೊನೆಗೆ ಸೊಸೆ ತಪ್ಪೊಪ್ಪಿಕೊಂಡು, ಕೊಳೆತ ಬೆಕ್ಕಿನ ಹೆಣದ ಮೇಲೆ ಮೊಸರು ಸುರಿದು ಅದನ್ನು ನೆಕ್ಕುವ ಪ್ರಾಯಶ್ಚಿತ್ತ ಮಾಡಿದ ಮೇಲೆ ಮಕ್ಕಳು ಮರಳುತ್ತವೆ, ಇನ್ನು ಬೆಕ್ಕಿಗೆ ಕೈ ಎತ್ತುವುದಿಲ್ಲ ಎಂಬ ಮಾತಾಗುತ್ತದೆ. ಹೊಟ್ಟೆ ತೊಳಸುವಂಥ ಈ ವಿವರವನ್ನು ಮುಚ್ಚಿಟ್ಟು ಕಥೆ ಹೇಳಿದರೆ ಅದರ ಬಿಗಿಯೇ ಹೋಗುತ್ತದೆ. ಕಳೆದ ವಿಶ್ವಾಸ ಅಗ್ಗಕ್ಕೆ ಸಿಗುವುದಿಲ್ಲವೆಂದು ಆ ಹೆಂಗಸರಿಗೆ ಗೊತ್ತಿತ್ತು. ಹಿಂದಿ ಲೇಖಕ ಭಗವತೀಚರಣ ವರ್ಮಾ ಅವರ ‘ಪ್ರಾಯಶ್ಚಿತ್’ ಕಥೆ ಇದೇ ನಂಬಿಕೆಯ ನಗೆಮುಖ. ಹಾಲು ತುಪ್ಪ ಕದಿಯುವ ಬೆಕ್ಕಿನ ಮೇಲೆ ಎಳೆಯ ಸೊಸೆ ಮಣೆ ಎಸೆಯುತ್ತಾಳೆ, ಬೆಕ್ಕು ಬಿದ್ದುಬಿಡುತ್ತದೆ, ಪುರೋಹಿತ ಬಂದು ಚಿನ್ನದ ಬೆಕ್ಕಿನ ದಾನಕ್ಕೆ ತೊಲ ತೊಲ ಚೌಕಾಸಿ ಮಾಡುತ್ತಾನೆ. ವ್ಯಾಪಾರ ಕುದುರುವ ಹೊತ್ತಿಗೆ ಸತ್ತದ್ದೆಂದುಕೊಂಡ ಬೆಕ್ಕು ಎದ್ದು ಓಡುತ್ತದೆ. ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಕೊಡಬೇಕೆಂಬ ಮಾತು ಕನ್ನಡದ ಮನೆಗಳಿಗೂ ಹೊಸದಲ್ಲ. ಇದು ಪುರೋಹಿತರ ಜೇಬು ತುಂಬಿಸುವ ಹುನ್ನಾರ ಎನ್ನುವುದು ಸರಿಯೇ, ವರ್ಮಾ ನಗುವುದೂ ಅದಕ್ಕೇ. ಆದರೂ ಮಣೆ ಎಸೆಯಲು ಹೊರಟ ಕೈಯನ್ನು ಆ ಭಯ ಎಷ್ಟೋ ಸಲ ತಡೆದಿರಬೇಕು.

ಕನ್ನಡಿಗರಿಗೆ ಇನ್ನೂ ಹತ್ತಿರದ ಸಾಕ್ಷಿ ತೆನಾಲಿ ರಾಮಕೃಷ್ಣನ ಬೆಕ್ಕು. ವಿಜಯನಗರದಲ್ಲಿ ಇಲಿ ಹೆಚ್ಚಿತೆಂದು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಕೊಡಿಸುತ್ತಾನೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಡುತ್ತಾನೆ. ನಾಲಿಗೆ ಸುಟ್ಟ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತದೆ, ಹಸುವಿನ ಹಾಲೆಲ್ಲ ಮನೆಮಂದಿಗೆ. ಇದನ್ನು 1509ರಿಂದ 1529ರವರೆಗೆ ಆಳಿದ ರಾಯನ ಕಾಲದ ಚರಿತ್ರೆ ಎಂದು ಯಾರೂ ನಂಬಬೇಕಿಲ್ಲ. ಆಸ್ಥಾನದ ಕಥೆಗಳು ಬಾಯಿಂದ ಬಾಯಿಗೆ ಬೆಳೆದವು. ಆದರೆ ಕಟ್ಟುಕಥೆ ಕಟ್ಟಿದವರ ತಿಳಿವಳಿಕೆಗೆ ಸಾಕ್ಷಿಯಾಗುತ್ತದೆ. ಅವರಿಗೆ ಮೂರು ಸಂಗತಿ ಖಚಿತವಾಗಿ ಗೊತ್ತಿದ್ದವು. ಬೆಕ್ಕು ನೋವಿನಿಂದ ಕಲಿಯುತ್ತದೆ, ಅದಕ್ಕೆ ಒಂದೇ ಸಲ ಸಾಕು. ಕಲಿಯುವುದು ನಾವು ಕಲಿಸಹೊರಟಿದ್ದನ್ನಲ್ಲ; ಬಿಸಿ ಹಾಲನ್ನು ಆರಿಸಿ ಕುಡಿಯಬೇಕೆಂದಲ್ಲ, ಹಾಲೆಂದರೇ ಬೇಡ ಎಂದು. ಮತ್ತು ಆ ಪಾಠ ಅಳಿಯುವುದಿಲ್ಲ, ರಾಜನೇ ಎದುರು ನಿಂತು ತಣ್ಣನೆಯ ಹಾಲಿಟ್ಟರೂ ಬೆಕ್ಕು ತಿರುಗಿ ನೋಡದು. ರಾಮಕೃಷ್ಣನ ಜಾಣತನಕ್ಕೆ ನಗುವ ನಾವು ಆ ಬೆಕ್ಕಿನ ಪಕ್ಕದಲ್ಲಿ ನಿಂತು ಯೋಚಿಸುವುದಿಲ್ಲ. ಮೇಜು ಹತ್ತಿದ್ದಕ್ಕೆ ಹೊಡೆದವನಿಗೆ ಆಗುವುದೂ ಇಷ್ಟೇ: ಬೆಕ್ಕು ಮೇಜನ್ನು ಬಿಡುವುದಿಲ್ಲ, ಹೊಡೆದ ಕೈಯನ್ನು ಬಿಡುತ್ತದೆ.

ಶಿಸ್ತಿನ ಕಲ್ಪನೆ ಬೆಕ್ಕಿನ ಬಾಳಿಗೆ ಬಂದದ್ದು ಅದರ ಕಸುಬು ಹೋದ ಮೇಲೆ. 1871ರ ಜುಲೈಯಲ್ಲಿ ಹ್ಯಾರಿಸನ್ ವಿಯರ್ ಎಂಬಾತ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬೆಕ್ಕುಗಳ ಪ್ರದರ್ಶನ ಏರ್ಪಡಿಸಿದ; ಇಲಿ ಹಿಡಿಯುವುದರ ಬದಲು ಕೂದಲು, ಬಣ್ಣ, ಮೈಕಟ್ಟಿಗೆ ಬಹುಮಾನ ಶುರುವಾಯಿತು. ಆದರೂ ಬೆಕ್ಕು ಹಗಲಿಗೆ ಒಳಗೆ, ರಾತ್ರಿಗೆ ಹೊರಗೆ ಎಂಬಂತೆಯೇ ಇತ್ತು. ಅದನ್ನು ಪೂರ್ತಿ ಒಳಗೆ ಎಳೆದುಕೊಂಡದ್ದು 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಎಡ್ವರ್ಡ್ ಲೋ ಮಾರಲು ತೊಡಗಿದ ಒಣ ಜೇಡಿಯ ಚೀಲ. ಮಲಮೂತ್ರಕ್ಕೂ ಹೊರಗೆ ಹೋಗಬೇಕಿಲ್ಲ ಎಂದಾದ ಮೇಲೆ ಬೆಕ್ಕು ನಾಲ್ಕು ಗೋಡೆಯ ಪ್ರಾಣಿಯಾಯಿತು. ಅದರ ಜೊತೆಗೆ ಮರವೂ ಒಳಗೆ ಬರಲಿಲ್ಲ, ಬೇಲಿಯೂ ಬರಲಿಲ್ಲ. ಉಗುರು ಮಸೆಯಲು ಉಳಿದದ್ದು ಸೋಫಾ. ನಾಯಿಗೆ ಇರುವ ಅಳತೆಗೋಲಿನಿಂದ ಬೆಕ್ಕನ್ನೂ ಅಳೆಯುವುದು ಆಗ ಅನಿವಾರ್ಯವೆನ್ನಿಸಿತು. ನೀರು ಚಿಮುಕಿಸುವ ಬಾಟಲಿ, ಸುರುಳಿ ಸುತ್ತಿದ ಪೇಪರಿನ ಏಟು, ಮೂಗನ್ನು ಕೊಳಕಿಗೆ ಒತ್ತುವುದು ಎಲ್ಲ ನಾಯಿಯ ಪಾಠಶಾಲೆಯಿಂದ ಎರವಲು ಬಂದವು, ಮತ್ತು ಅಲ್ಲೂ ಅವು ಒಳ್ಳೆಯ ಪಾಠಗಳಾಗಿರಲಿಲ್ಲ. ಇದರ ತುತ್ತತುದಿ ಉಗುರು ತೆಗೆಸುವ ಶಸ್ತ್ರಕ್ರಿಯೆ. ಹೆಸರು ಉಗುರಿನದಾದರೂ ಕತ್ತರಿಸುವುದು ಪ್ರತಿ ಬೆರಳಿನ ಕೊನೆಯ ಮೂಳೆಯನ್ನು. ಉಗುರು ಮುರಿದ ಬೆಕ್ಕಿಗೆ ಹಣ ವಾಪಸ್ಸು ಮಾಡಿಸಿದ ಹಾವೆಲ್ ದಾನ ಕಾನೂನಿಗೂ, ಹಣ ಕೊಟ್ಟು ಉಗುರು ತೆಗೆಸಿದ ಇಪ್ಪತ್ತನೆಯ ಶತಮಾನಕ್ಕೂ ನಡುವೆ ಬೆಕ್ಕು ಬದಲಾಗಿರಲಿಲ್ಲ, ಕುರ್ಚಿಯ ಬಟ್ಟೆ ದುಬಾರಿಯಾಗಿತ್ತು. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಈ ಶಸ್ತ್ರಕ್ರಿಯೆಯನ್ನು ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ಭಾರತದಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರ ಒತ್ತಾಸೆಯಿಂದ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಪ್ರಾಣಿಯನ್ನು ಹೊಡೆಯುವುದು, ಒದೆಯುವುದರಿಂದಲೇ ಅಪರಾಧಗಳ ಪಟ್ಟಿ ಆರಂಭಿಸುತ್ತದೆ. ಮೊದಲ ತಪ್ಪಿಗೆ ಅದು ಇಟ್ಟ ದಂಡ 10ರಿಂದ 50 ರೂಪಾಯಿ. ಒಂದು ಬೆಕ್ಕಿನ ಒಂದು ಹೊತ್ತಿನ ಪ್ಯಾಕೆಟ್ ಊಟದ ಬೆಲೆ.

ಇದೇ ಕಾಲದಲ್ಲಿ ಪ್ರಯೋಗಶಾಲೆಗಳೂ ಬೆಕ್ಕಿಗೆ ಪಾಠ ಹೇಳಹೊರಟವು, ಅಲ್ಲಿನ ಫಲಿತಾಂಶ ವಿಚಿತ್ರವಾಗಿದೆ. ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಹಸಿದ ಬೆಕ್ಕುಗಳನ್ನು ಮರದ ಪೆಟ್ಟಿಗೆಯಲ್ಲಿ ಕೂಡಿ, ಹೊರಗೆ ಮೀನಿಟ್ಟು, ಒಳಗಿನ ಅಗಳಿಯನ್ನು ಸರಿಸಲು ಎಷ್ಟು ಹೊತ್ತು ಬೇಕೆಂದು ಅಳೆದ. ಸುಖ ಕೊಟ್ಟ ನಡೆ ಗಟ್ಟಿಯಾಗುತ್ತದೆ, ನೋವು ಕೊಟ್ಟದ್ದು ಸಡಿಲವಾಗುತ್ತದೆ ಎಂದು ನಿಯಮ ಬರೆದ. 1930ರ ದಶಕಕ್ಕೆ ಬರುವಾಗ ಬೇರೆ ಪ್ರಯೋಗಗಳ ಬಲದ ಮೇಲೆ ಆತನೇ ಆ ನಿಯಮದ ಎರಡನೇ ಅರ್ಧವನ್ನು ಹಿಂತೆಗೆದುಕೊಂಡ: ಬಹುಮಾನ ಗಟ್ಟಿ ಮಾಡುವಷ್ಟು ಬಲವಾಗಿ ಶಿಕ್ಷೆ ಅಳಿಸುವುದಿಲ್ಲ. ಷಿಕಾಗೋದ ಜೂಲ್ಸ್ ಮ್ಯಾಸರ್‌ಮನ್ 1943ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೆನಾಲಿಯ ಬೆಕ್ಕನ್ನೇ ಪಂಜರಕ್ಕೆ ತಂದಂತಿವೆ. ಊಟದ ಡಬ್ಬಿ ತೆರೆಯಲು ಕಲಿತ ಬೆಕ್ಕಿನ ಮುಖಕ್ಕೆ ತಿನ್ನುವ ಕ್ಷಣದಲ್ಲಿ ರಭಸದ ಗಾಳಿ ಹೊಡೆಸಿದ, ಇಲ್ಲವೇ ವಿದ್ಯುತ್ ಮುಟ್ಟಿಸಿದ. ಬೆಕ್ಕುಗಳು ಊಟ ಬಿಟ್ಟವು, ನಡುಗಿದವು, ಮೂಲೆ ಸೇರಿದವು. ಇದನ್ನು ಓದಿದ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1940ರ ದಶಕದ ಕೊನೆಯಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಅಂಥದ್ದೇ ಭಯವನ್ನು ಬೆಕ್ಕುಗಳಲ್ಲಿ ಹುಟ್ಟಿಸಿ, ಆಮೇಲೆ ಅದನ್ನು ಕಳೆಯುವ ದಾರಿ ಹುಡುಕಿದ. ಭಯದ ಪಂಜರದಲ್ಲಿ ಬೆಕ್ಕು ಹಸಿದಿದ್ದರೂ ತಿನ್ನುತ್ತಿರಲಿಲ್ಲ. ಆ ಕೋಣೆಯಲ್ಲೂ ತಿನ್ನುತ್ತಿರಲಿಲ್ಲ. ವೋಲ್ಪೆ ಅದನ್ನು ಆ ಕೋಣೆಯನ್ನು ಸ್ವಲ್ಪವೂ ಹೋಲದ ಬೇರೊಂದು ಕೋಣೆಗೆ ಒಯ್ದು ಉಣಿಸಿದ. ಅಲ್ಲಿ ನಿರಾಳವಾಗಿ ತಿಂದ ಮೇಲೆ ಕೊಂಚ ಹೋಲುವ ಕೋಣೆ, ಆಮೇಲೆ ಇನ್ನೂ ಹೋಲುವುದು, ಕಡೆಗೆ ಅದೇ ಕೋಣೆ, ಅದೇ ಪಂಜರ. ಭಯ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. 1958ರಲ್ಲಿ ಆತ ಪ್ರಕಟಿಸಿದ ಗ್ರಂಥದಿಂದ ಮನುಷ್ಯರ ಭಯರೋಗಗಳಿಗೆ ಕೊಡುವ ಒಂದು ಪ್ರಮುಖ ಚಿಕಿತ್ಸೆ ಬೆಳೆಯಿತು. ಲಿಫ್ಟಿಗೆ, ವಿಮಾನಕ್ಕೆ, ಜೇಡಕ್ಕೆ ಹೆದರುವವರನ್ನು ಇವತ್ತು ಹಂತಹಂತವಾಗಿ ಪಳಗಿಸುವ ಕ್ರಮದ ಹಿಂದೆ ವಿಶ್ವಾಸ ಕಳೆದುಕೊಂಡು ಮರಳಿ ಪಡೆದ ಆ ಬೆಕ್ಕುಗಳಿವೆ. ಪ್ರಯೋಗಗಳು ಕ್ರೂರವಾಗಿದ್ದವು, ಇಂದಿನ ನೀತಿ ಸಮಿತಿಗಳು ಅವನ್ನು ಒಪ್ಪುವುದು ಅನುಮಾನ. ಅಷ್ಟು ಬೆಲೆ ತೆತ್ತು ತಿಳಿದದ್ದನ್ನು ಬಳಸದೇ ಇರುವುದು ಇನ್ನೊಂದು ತಪ್ಪಾಗುತ್ತದೆ.

ತಾಯಿಬೆಕ್ಕೇ ಮರಿಯ ಕತ್ತು ಹಿಡಿದು ಎತ್ತುತ್ತದಲ್ಲ, ನಾವು ಹಾಗೆ ಹಿಡಿದು ಗದರಿಸಿದರೆ ತಪ್ಪೇನು ಎಂಬುದು ಎಲ್ಲೆಡೆ ಕೇಳಿಬರುವ ಇನ್ನೊಂದು ಆಕ್ಷೇಪ. ಈ ದೃಶ್ಯ ನಮ್ಮ ತತ್ತ್ವಶಾಸ್ತ್ರಕ್ಕೂ ಪರಿಚಿತ. ಶರಣಾಗತಿಯ ವಿಷಯದಲ್ಲಿ ಶ್ರೀವೈಷ್ಣವರ ಎರಡು ಪಂಗಡಗಳು ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಎಂದು ಬೇರೆಯಾದವು. ಕೋತಿಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯಬೇಕು. ಬೆಕ್ಕಿನ ಮರಿ ಸುಮ್ಮನೆ ಇದ್ದರೆ ಸಾಕು, ತಾಯಿ ಎತ್ತಿಕೊಳ್ಳುತ್ತದೆ. ಆಚಾರ್ಯರ ಗಮನ ಸೂಕ್ಷ್ಮವಾಗಿತ್ತು. ಕತ್ತು ಹಿಡಿಯುವುದು ಅವರಿಗೆ ರಕ್ಷೆಯ ಗುರುತಾಗಿ ಕಂಡಿತು, ಶಿಕ್ಷೆಯದಾಗಿ ಅಲ್ಲ. ತಾಯಿ ಹಾಗೆ ಎತ್ತುವುದು ಮರಿಯನ್ನು ಅಪಾಯದಿಂದ ಸಾಗಿಸಲು, ಅದೂ ಮೊದಲ ಕೆಲವೇ ವಾರ. ನಾಲ್ಕು ಕಿಲೋ ತೂಗುವ ಬೆಳೆದ ಬೆಕ್ಕನ್ನು ಕತ್ತಿನ ಚರ್ಮದಲ್ಲಿ ತೂಗಾಡಿಸಿದಾಗ ಅದು ಸ್ತಬ್ಧವಾದರೆ ಅದು ವಿಧೇಯತೆಯಲ್ಲ, ಭಯ. ಬೆಕ್ಕಿಗೆ ಏನನ್ನೂ ಕಲಿಸಲಾಗದು ಎಂದೂ ಇದರ ಅರ್ಥವಲ್ಲ. ಮಾಸ್ಕೋದಲ್ಲಿ ಯೂರಿ ಕುಕ್ಲಾಚೋವ್ 1990ರಲ್ಲಿ ತೆರೆದ ಬೆಕ್ಕುಗಳ ರಂಗಮಂದಿರದಲ್ಲಿ ಅವು ಮುಂಗಾಲ ಮೇಲೆ ನಿಲ್ಲುವುದನ್ನು ಜನ ದುಡ್ಡು ಕೊಟ್ಟು ನೋಡಿದ್ದಾರೆ. ತಾನು ಪ್ರತಿ ಬೆಕ್ಕಿನ ಸಹಜವಾದ ಆಟವನ್ನು ಗಮನಿಸಿ ಅದನ್ನೇ ಬೆಳೆಸುವುದಾಗಿ ಆತ ಹೇಳಿಕೊಂಡದ್ದು. ಕಲಿಸುವ ಕೈಗೆ ಅಲ್ಲೂ ಬೆಕ್ಕೇ ದಾರಿ ತೋರಿಸಬೇಕು.

ಹತ್ತನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಈ ಹಳೆಯ ಕರಾರು ನಡೆಯುವುದಿಲ್ಲ, ಅಲ್ಲಿ ಶಿಸ್ತಿಲ್ಲದೆ ಬಾಳಲಾಗದು ಎಂದು ಬೆಂಗಳೂರಿನವರು ಹೇಳಬಹುದು. ಎಲ್ಲ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದೇ. ಕಿಟಕಿಯಿಂದ ಬಿದ್ದು ಸಾಯುವ ಬೆಕ್ಕಿಗೆ ಸ್ವಾತಂತ್ರ್ಯದ ಮಾತು ಉಪಯೋಗಕ್ಕೆ ಬರುವುದಿಲ್ಲ. ಆದರೆ ಕಿಟಕಿಗೆ ಜಾಲರಿ ಹಾಕುವುದು ಶಿಕ್ಷೆಯಲ್ಲ, ನೆಲುವಿನ ಮೊಮ್ಮಗ. ಸೋಫಾದ ಪಕ್ಕ ಸೆಣಬು ಸುತ್ತಿದ ಕಂಬ, ಮೈಚಾಚಿ ಉಗುರು ಮಸೆಯುವಷ್ಟು ಎತ್ತರದ್ದು. ಅಡುಗೆ ಕಟ್ಟೆಗಿಂತ ಎತ್ತರದಲ್ಲಿ ಕೂರಲು ಅದರದೇ ಒಂದು ಹಲಗೆ. ಊಟದ ತಟ್ಟೆಯಿಂದ ದೂರ ಇಟ್ಟು ದಿನವೂ ತೆಗೆಯುವ ಮಣ್ಣಿನ ತಟ್ಟೆ. ಕೂಗಾಡಿ ಆಗದ ಕೆಲಸದ ಬಹುಪಾಲು ಇಷ್ಟರಲ್ಲಿ ಆಗುತ್ತದೆ. ಹೊಡೆಯುವುದು ಸುಲಭ, ಮನೆ ಜೋಡಿಸುವುದು ತ್ರಾಸ. ಶಿಕ್ಷೆಯ ಪರವಾದ ವಾದಗಳ ಹಿಂದೆ ಇರುವುದು ಬಹುಮಟ್ಟಿಗೆ ಈ ಸೋಮಾರಿತನವೇ. ಮಣ್ಣಿನ ತಟ್ಟೆ ಬಿಟ್ಟು ಹಾಸಿಗೆಯ ಮೇಲೆ ಉಚ್ಚೆ ಹೊಯ್ಯುವ ಬೆಕ್ಕು ಸೇಡು ತೀರಿಸಿಕೊಳ್ಳುತ್ತಿದೆ ಎಂದು ನಂಬಿರುವವರಿಗಂತೂ ಏಟಿಗಿಂತ ಮೊದಲು ಮೂತ್ರದ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೂತ್ರಕೋಶದ ತೊಂದರೆಯೇ ಅದಕ್ಕೆ ಕಾರಣವಾಗಿರುವುದು ಅಪರೂಪವಲ್ಲ.

ಇನ್ನು, ಏಟು ಬಿದ್ದಾಗಿದೆ, ಬೆಕ್ಕು ಮಂಚದಡಿಯಿಂದ ಬರುತ್ತಿಲ್ಲ ಎಂಬವರ ಪ್ರಶ್ನೆ. ವೋಲ್ಪೆಯ ಕೋಣೆಗಳ ಕ್ರಮ ಇಲ್ಲಿ ಹಾಗೆಯೇ ಅನ್ವಯವಾಗುತ್ತದೆ. ಎಳೆದು ಹೊರತಂದು ಮುದ್ದಿಸಿದರೆ ಅದು ಎರಡನೆಯ ಶಿಕ್ಷೆ. ಊಟವನ್ನು ಅದು ಹೆದರದಷ್ಟು ದೂರದಲ್ಲಿ, ದಿನವೂ ಅದೇ ಹೊತ್ತಿಗೆ ಇಟ್ಟು ಸರಿದುಹೋಗಬೇಕು. ಅದು ನಿರಾಳವಾಗಿ ತಿಂದ ಮೇಲಷ್ಟೇ ಆ ದೂರ ತುಸು ಕಡಿಮೆಯಾಗಬೇಕು. ಮುಟ್ಟುವುದನ್ನು ಬೆಕ್ಕು ಶುರುಮಾಡಲಿ. ಮನುಷ್ಯ ಮುಂದಾಗಿ ಹೋಗುವುದಕ್ಕಿಂತ ಬೆಕ್ಕೇ ಮುಂದಾಗಿ ಬಂದಾಗ ಒಡನಾಟ ಹೆಚ್ಚು ಹೊತ್ತು ನಡೆಯುತ್ತದೆಂದು ಜ್ಯೂರಿಕ್‌ನ ಡೆನ್ನಿಸ್ ಟರ್ನರ್ ಮನೆಗಳಲ್ಲೇ ಕೂತು ದಾಖಲಿಸಿದ್ದಾನೆ. ದಿಟ್ಟಿಸಿ ನೋಡುವುದು ಬೆಕ್ಕಿನ ಲೋಕದಲ್ಲಿ ಬೆದರಿಕೆ. ಕಣ್ಣನ್ನು ಅರೆಮುಚ್ಚಿ ನಿಧಾನವಾಗಿ ರೆಪ್ಪೆ ಬಡಿದವರ ಬಳಿಗೆ ಅವು ಬರುವ ಸಂಭವ ಹೆಚ್ಚೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ್ದಾರೆ. ಕರೆದರೂ ಬರಲಿಲ್ಲವೆಂದು ನೊಂದುಕೊಳ್ಳಬೇಕಿಲ್ಲ. ಬೆಕ್ಕುಗಳು ಒಡೆಯನ ದನಿಯನ್ನು ಗುರುತಿಸುತ್ತವೆ, ಕಿವಿ ತಿರುಗಿಸುತ್ತವೆ, ಎದ್ದು ಬರುವುದು ಮಾತ್ರ ಕಡಿಮೆ ಎಂದು 2013ರ ಜಪಾನಿನ ಅಧ್ಯಯನವೊಂದು ಹೇಳಿದೆ. ಹೊಡೆಸಿಕೊಳ್ಳದ ಬೆಕ್ಕುಗಳೂ ಹಾಗೆಯೇ. ಎಷ್ಟು ದಿನ ಬೇಕೆಂಬುದಕ್ಕೆ ಒಂದು ಲೆಕ್ಕವಿಲ್ಲ, ಮರಿಯಾಗಿದ್ದಾಗ ಮನುಷ್ಯರ ಕೈಯಲ್ಲಿ ಬೆಳೆದದ್ದು ಬೇಗ ಬರುತ್ತದೆ, ಬೀದಿಯಿಂದ ಬಂದದ್ದು ತಡವಾಗಿ. ಒಂದನ್ನು ಮಾತ್ರ ಮಾಡಬೇಡಿ: ಹಸಿವಾದರೆ ತಾನೇ ಬರುತ್ತದೆ ಎಂದು ಉಪವಾಸ ಕೆಡವಬೇಡಿ. ಕೆಲವು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಎರವಾಗುವ ರೋಗ ಬರುತ್ತದೆ, ದಪ್ಪ ಬೆಕ್ಕಿಗೆ ಇನ್ನೂ ಬೇಗ. ಒಂದು ಪೂರ್ತಿ ದಿನ ಅದು ಊಟ ಮುಟ್ಟದಿದ್ದರೆ ಒಲಿಸಿಕೊಳ್ಳುವ ಯೋಚನೆಯನ್ನು ಪಕ್ಕಕ್ಕಿಟ್ಟು ಪಶುವೈದ್ಯರಲ್ಲಿಗೆ ಒಯ್ಯಿರಿ.